ಅಟ್ಟ ಹತ್ತಿದ ತಾಮ್ರ

ಇದನ್ನು ಹೇಳಬೇಕೆಂದುಕೊಂಡು ಮುಂದೂಡುತ್ತಲೇ ಬಂದೆ. ಮೊದಲು ಕೊಬ್ಬರಿ ಮಾರಾಟವಾಗಲಿ ಎಂದೆ, ಆಮೇಲೆ ಮಂಡಿನೋವು ಕಡಿಮೆಯಾಗಲಿ ಎಂದೆ. ಮಂಡಿಗೂ ಬಾಯಿಗೂ ಏನು ಸಂಬಂಧ ಎಂದು ಮಾತ್ರ ಕೇಳಬೇಡಿ.

ಎಲ್ಲ ಶುರುವಾದದ್ದು ಅರಸೀಕೆರೆಯ ಮೋಟಾರು ಸಾಮಾನಿನ ಅಂಗಡಿಯಲ್ಲಿ. "ಯಜಮಾನ್ರೇ, ತಾಮ್ರದ ರೇಟು ಬೆಳಗ್ಗೆ ಒಂದು, ಸಂಜೆ ಒಂದು. ನೋಟು ಮಡಗಿದ್ರೆ ಸವೀತೈತೆ, ತಾಮ್ರ ಮಡಗಿದ್ರೆ ಬೆಳೀತೈತೆ" ಎಂದರು ಅಂಗಡಿಯವರು. ನಿಜವೇ. ಹಿಂದೆ ನೂರರ ನೋಟು ಹಿಡಿದು ಬೇಲೂರಿನ ಸಂತೆಗೆ ಹೋದರೆ ಚೀಲ ಹೊರಲು ಇನ್ನೊಬ್ಬರು ಬೇಕಿತ್ತು. ಈಗ ಅದೇ ನೋಟಿಗೆ ಚೀಲವೇ ಬೇಡ. ಹಾಗಾಗಿ ಕೊಬ್ಬರಿ ದುಡ್ಡನ್ನು ಬ್ಯಾಂಕಿಗೆ ಹಾಕದೆ, ಬೋರಿನ ಮೋಟಾರಿಗೆ ಬಳಸುವ ತಾಮ್ರದ ಕೇಬಲ್ಲಿನ ಒಂದು ದೊಡ್ಡ ಸುರುಳಿ ಕೊಂಡು ತಂದೆ. "ಬೇರೆಯವರು ಹೆಂಡ್ತಿಗೆ ಚಿನ್ನ ತರ್ತಾರೆ, ನೀವು ಬೋರಿಗೆ ತಂದ್ರಿ" ಎಂದಳು ನನ್ನವಳು.

ಸುರುಳಿಯನ್ನು ತೋಟದ ಪಂಪ್‌ಹೌಸಿನಲ್ಲಿಟ್ಟೆ. ಹತ್ತಿರದ ಗಂಡಸಿ ಊರಿನ ಕಡೆ ಕೇಬಲ್ ಕಳ್ಳರು ಬಂದಿದ್ದಾರೆಂಬ ಸುದ್ದಿ ಕೇಳಿ, ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಅದನ್ನು ಮನೆಯ ಅಟ್ಟಕ್ಕೆ ಸಾಗಿಸಿ, ಕೊಬ್ಬರಿಗೆ ಹಾಕಿದ್ದ ಕಾಯಿಗಳ ಅಡಿಗೆ ತುರುಕಿದೆ. ನಮ್ಮಲ್ಲಿ ಕಾಯಿ ಅಟ್ಟ ಹತ್ತಿದರೆ, ಒಳಗಿನ ನೀರು ಇಂಗಿ, ತಿರುಳು ಒಣಗಿ ಗಿಟುಕಾಗಿ ಅಲುಗಾಡುವವರೆಗೆ, ವರ್ಷದ ಹತ್ತಿರ ಯಾರೂ ಮುಟ್ಟುವುದಿಲ್ಲ. ಅದಕ್ಕಿಂತ ಗಟ್ಟಿ ಬೀಗ ಯಾವ ಬ್ಯಾಂಕಿನಲ್ಲಿದೆ? ಸುದ್ದಿ ಹರಡಬಾರದೆಂದು ಹೆಂಡತಿಗೂ ಹೇಳಲಿಲ್ಲ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಆ ಗುಟ್ಟು ನನ್ನ ನೆನಪಿನಿಂದಲೂ ತಪ್ಪಿಸಿಕೊಂಡಿತು.

ಒಂದು ದಿನ ಪಂಪ್‌ಹೌಸಿಗೆ ಹೋದರೆ ಸುರುಳಿ ಇಲ್ಲ. ಪಂಪ್‌ಹೌಸಿನ ಇನ್ನೊಂದು ಕೀಲಿ ಇದ್ದದ್ದು ಪಕ್ಕದ ತೋಟದವನ ಹತ್ತಿರ. ಹಳೇಬೀಡಿನ ಹೈಸ್ಕೂಲಿನಲ್ಲಿ ನನ್ನ ಬೆಂಚಿನವನು. ನಾನು ಊರಲ್ಲಿಲ್ಲದಾಗ ನನ್ನ ಗಿಡಗಳಿಗೂ ನೀರು ಬಿಡುತ್ತಿದ್ದವನು. ಟೀ ಅಂಗಡಿಯ ಮುಂದೆ, ಜನರೆದುರಿಗೆ, ಅವನನ್ನು ಹೆಸರು ಹಿಡಿದು ಕೂಗಿದೆ. "ಏನ್ಲಾ, ಕೀಲಿ ನಿನ್ನತ್ರ ತಾನೆ ಐತೆ? ನನ್ನ ತಾಮ್ರ ಎಲ್ಲೋಯ್ತು?"

ಅವನು ನಗುತ್ತಲೇ, "ನಿನ್ನ ತಾಮ್ರ ನಂಗ್ಯಾಕ್ಲಾ? ಮೊದ್ಲು ಮನೇಲಿ ಹುಡುಕೋಗು" ಎಂದ.

"ಮನೇಲಿ ಹುಡುಕಾಕೆ ಅದೇನು ಉಪ್ಪಿನ್ಕಾಯಿ ಜಾಡಿಯೇನ್ಲಾ? ಕದ್ದೋರು ಹಿಂಗೇ ನಗಾದು."

ಜನ ನಕ್ಕರು, ಅವನ ನಗು ನಿಂತಿತು. ಕೀಲಿಯನ್ನು ಬೆಂಚಿನ ಮೇಲಿಟ್ಟು, ಅರ್ಧ ಟೀ ಹಾಗೇ ಬಿಟ್ಟು ಹೋದ. ಅಲ್ಲಿಂದ ನಮ್ಮ ಮನೆಯ ಕಡೆ ತಿರುಗಿ ನೋಡಿಲ್ಲ.

ಕಾಯಿ ಇಳಿಸುವ ದಿನ ಅಟ್ಟದಿಂದ ಆಳು ಕಿರುಚಿದ: "ಅಯ್ಯಯ್ಯೋ, ಹಾವೈತೆ! ದೊಣ್ಣೆ ಕೊಡಿ!"

ಹೆಂಡತಿ ಏಣಿ ಹತ್ತಿ ಇಣುಕಿದಳು. "ಹಾವಲ್ಲ ಕಣಪ್ಪ, ನಮ್ಮ ಯಜಮಾನ್ರ ಮಾನ. ಹುಷಾರಾಗಿ ಇಳಿಸು."

ನಾನು ಮೊದಲು ಮಾಡಿದ್ದೇನು? ಅರಸೀಕೆರೆಗೆ ಫೋನು ಮಾಡಿ ರೇಟು ಕೇಳಿದೆ. ಚೆನ್ನಾಗಿ ಏರಿತ್ತು. ನಾಚಿಕೆಗೆ ಮುಂಚೆ ಖುಷಿಯಾಯಿತೆಂದು ಹೇಳಲು ಈಗ ನಾಚಿಕೆಯಾಗುತ್ತದೆ. "ಹೋಗಿ ಅವರಿಗೊಂದು ಮಾತು ಹೇಳಿ ಬನ್ರೀ" ಎಂದಳು ಇವಳು. "ಇನ್ನೊಂಚೂರು ಏರಲಿ ಇರೇ. ಮಾರಿ, ಸಿಹಿ ತಗೊಂಡೇ ಹೋಗ್ತೀನಿ" ಎಂದೆ.

ತಾಮ್ರ ಏರುತ್ತಲೇ ಇದೆ, ನಾನು ಕಾಯುತ್ತಲೇ ಇದ್ದೇನೆ. ಅವತ್ತೇ ಹೋಗಿ "ತಪ್ಪಾಯ್ತು ಕಣ್ಲಾ" ಅಂದಿದ್ದರೆ ನಾಲ್ಕು ಬೈದು ಊಟಕ್ಕೆ ಕೂರಿಸುತ್ತಿದ್ದ. ಈಗ ಅದೇ ಮಾತಿಗೆ ಅವನ ಮನೆಯ ಬಾಗಿಲು ತೆರೆಯುತ್ತದೋ ಇಲ್ಲವೋ. ತಪ್ಪಾಯ್ತು ಎಂಬ ಮಾತು ನೋಟಿನ ಜಾತಿಯದು, ಮಡಗಿದಷ್ಟೂ ಸವೆಯುತ್ತದೆ.

ಕಳ್ಳ ಎನ್ನುವಾಗ ಹೆಸರು ಹಿಡಿದು ಕೂಗಿದವನು, ಕಳ್ಳನಲ್ಲ ಎನ್ನುವಾಗ 'ಪಕ್ಕದ ತೋಟದವನು' ಎನ್ನುತ್ತಾ ಇಲ್ಲಿಯವರೆಗೂ ಜಾರಿಕೊಂಡು ಬಂದಿದ್ದೇನೆ. ಅವನ ಹೆಸರು ಮಲ್ಲೇಶಪ್ಪ.