ಸಮಾಜಕಾರ್ಯದ ಸೀಟಿಗೆ ಇಲ್ಲದವರ ಸಹವಾಸ

ಭೂತಪ್ರೇತಗಳ ಗೊಡವೆಗೆ ನಾನಾಗಿ ಹೋದವಳಲ್ಲ. ಅವೇ ನನ್ನನ್ನು ಹುಡುಕಿಕೊಂಡು ಬರುತ್ತಿರುತ್ತವೆ. ಅದರಲ್ಲೂ ಎಂ.ಎಸ್.ಡಬ್ಲ್ಯೂ. ಸಂದರ್ಶನಕ್ಕೆ ತಯಾರಿ ನಡೆಸಿದ ಆ ಮಳೆಗಾಲದಲ್ಲಿ ಬಂದಷ್ಟು ಮತ್ತೆಂದೂ ಬಂದಿಲ್ಲ.

ನಾನು ಹುಟ್ಟಿದ್ದು ಉಡುಪಿ ಬಳಿಯ ಕೆಮ್ಮಣ್ಣು ಎಂಬ ಊರಿನಲ್ಲಿ, ಬೆಳೆದದ್ದು ಮಸ್ಕತ್‌ನಲ್ಲಿ. ಡಿಗ್ರಿಗೆಂದು ಉಡುಪಿಗೆ ಬಂದವಳಿಗೆ ಸಮಾಜಕಾರ್ಯದ ಹುಚ್ಚು ಹಿಡಿಯಿತು. ಮಮ್ಮಿ ಖಡಾಖಂಡಿತವಾಗಿ ಹೇಳಿದ್ದರು: "ಸೀಟು ಸಿಕ್ಕಿದರೆ ಓದು. ಇಲ್ಲದಿದ್ದರೆ ಮಸ್ಕತ್‌ನಲ್ಲಿ ಮಾಮನ ಅಂಗಡಿಯ ಬಿಲ್ಲಿಂಗ್ ಕೌಂಟರ್ ಉಂಟು." ಆ ಗಾಜಿನ ಗೂಡಿನೊಳಗೆ ಜೀವನವಿಡೀ ಕೂರುವುದನ್ನು ನೆನೆದರೇ ನನಗೆ ಉಸಿರು ಕಟ್ಟುತ್ತಿತ್ತು.

ಬಸ್ಸಿನಲ್ಲಿ ಕೂತವಳು

ಮಣಿಪಾಲದಲ್ಲಿ ನನ್ನ ಸೀನಿಯರ್ ಒಬ್ಬಳಿದ್ದಳು. ಈ ಕೋರ್ಸು ಮುಗಿಸಿದವಳು. "ನಿನಗೆ ಬಾಯಿ ಮುಚ್ಚಿಕೊಂಡು ಕೂರಲಿಕ್ಕೆ ಬರ್ತದಾ ಅಂತಲೇ ಅವರು ನೋಡುವುದು ಮಾರಾಯ್ತಿ. ಎದುರಿನವರ ಕಣ್ಣು ನೋಡಬೇಕು, ಮೆಲ್ಲ ತಲೆ ಆಡಿಸಬೇಕು. ಮಾತು ಅವರಿಂದಲೇ ಬರಬೇಕು" ಎಂದಳು.

ಸರಿ, ಕಾರ್ಕಳದ ಬಸ್ಸು ಹತ್ತಿದವಳೇ ಅಭ್ಯಾಸ ಶುರು ಮಾಡಿದೆ. ಮಧ್ಯಾಹ್ನವೇ ಮೋಡ ಕವಿದು ಬಸ್ಸಿನೊಳಗೆ ಕತ್ತಲೆಯಾಗಿತ್ತು. ನನ್ನದು ಬಿಳಿ ಚೂಡಿದಾರ, ಮಳೆಗೆ ನೆನೆದು ಬಿಚ್ಚಿಕೊಂಡ ಕೂದಲು. ಎದುರಿನ ಅಡ್ಡ ಸೀಟಿನಲ್ಲಿದ್ದ ಅಜ್ಜಿಯ ಕಣ್ಣಲ್ಲಿ ಕಣ್ಣಿಟ್ಟೆ. ಅವರು ನಕ್ಕರು. ನಾನು ಮೆಲ್ಲ ತಲೆ ಆಡಿಸಿದೆ.

"ಎಲ್ಲಿಗೆ ಮಗಾ?" ಎಂದರು.

ಮಾತು ಅವರಿಂದಲೇ ಬರಬೇಕಲ್ಲ. ಇನ್ನಷ್ಟು ಕನಿಕರದಿಂದ ನೋಡುತ್ತ ತಲೆ ಆಡಿಸಿದೆ.

ಅಜ್ಜಿಯ ನಗು ಇಂಗಿತು. ಸೆರಗು ಬಿಗಿ ಹಿಡಿದು ಎದ್ದು ಹಿಂದಿನ ಸೀಟಿಗೆ ಹೋದರು. ಕಂಡಕ್ಟರನ ತೋಳು ಹಿಡಿದು ಪಿಸುಗುಟ್ಟಿದ್ದು ನನಗೂ ಕೇಳಿಸಿತು. "ಅಲ್ಲಿ ಬಿಳಿ ಬಟ್ಟೆಯ ಹುಡುಗಿ ಕೂತಿದ್ದಾಳಲ್ಲ, ನಿಮಗೂ ಕಾಣ್ತದಾ?"

ಆ ಪುಣ್ಯಾತ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾವ ಹುಡುಗಿ, ಅಮ್ಮ?" ಎಂದ.

ಕಾರ್ಕಳದವರೆಗೆ ಟಿಕೆಟು ಮಾಡಿದ್ದ ಅಜ್ಜಿ ಹಿರಿಯಡ್ಕದಲ್ಲೇ ಇಳಿದುಹೋದರು.

ಅಡುಗೆಮನೆಯ ಸ್ವರ

ಕಾರ್ಕಳದಲ್ಲಿ ನಾನು ಹೋದದ್ದು ಸಮಾಜಕಾರ್ಯ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರೊಬ್ಬರ ಮನೆಗೆ. ಕರೆಂಟಿರಲಿಲ್ಲ. ಮಬ್ಬು ಹಿಡಿದ ಪಡಸಾಲೆಯಲ್ಲಿ ನನ್ನನ್ನು ಕೂರಿಸಿ, "ನಾನು ಹೆಂಡತಿ ತೀರಿಕೊಂಡ ಗಂಡ. ನೀನು ಸಮಾಧಾನ ಹೇಳಲು ಬಂದ ಕಾರ್ಯಕರ್ತೆ. ಎಂತ ಆದರೂ ನಡುವೆ ನಿಲ್ಲಿಸಬಾರದು" ಎಂದರು.

ಮರುಕ್ಷಣವೇ ಅವರ ಕಣ್ಣಲ್ಲಿ ನೀರು ಧಾರಾಕಾರ. ನನಗೆ ಮೈ ಜುಮ್ಮೆಂದಿತು. ಅಷ್ಟರಲ್ಲಿ ಒಳಗಿನಿಂದ ಒಂದು ಹೆಣ್ಣು ಸ್ವರ. "ಹುಡುಗಿಗೆ ಸಕ್ಕರೆ ಎಷ್ಟು ಹಾಕಲಿ?"

ಮೇಷ್ಟ್ರು ನನ್ನ ಕಡೆಗೆ ಬಾಗಿದರು. "ಕೇಳಿತಾ? ದಿನಾ ಹೀಗೆಯೇ. ಅಡುಗೆಮನೆಯಿಂದ ಅವಳ ಸ್ವರ ಬರ್ತದೆ."

ನಿಲ್ಲಿಸುವ ಹಾಗಿಲ್ಲವಲ್ಲ. "ದುಃಖದಲ್ಲಿ ಹಾಗೆ ಕೇಳಿಸುವುದು ಸಹಜ, ಸರ್" ಎಂದೆ.

ಅವರ ಪತ್ನಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತರು. ಮೇಷ್ಟ್ರು ಗಾಳಿಯನ್ನು ನೋಡುವಂತೆ ಅವರನ್ನು ನೋಡಿ, "ಒಮ್ಮೊಮ್ಮೆ ಬಾಗಿಲಲ್ಲಿ ನಿಂತ ಹಾಗೂ ಕಾಣ್ತದೆ" ಎಂದರು.

"ಇದು ಯಾವಾಗಿನಿಂದ, ಸರ್?" ನಾನೂ ಆ ಕಡೆ ತಿರುಗಿ, ಯಾರೂ ಕಾಣದವಳಂತೆ ಕೇಳಿದೆ.

ಪತ್ನಿ ನಮ್ಮಿಬ್ಬರನ್ನೂ ನೋಡಿದರು. ತಟ್ಟೆಯನ್ನು ಕುಕ್ಕಿದರು. "ಸತ್ತವಳು ಇನ್ನು ರಾತ್ರಿಯ ಅಡುಗೆ ಮಾಡುವುದಿಲ್ಲ" ಎಂದು ಒಳಗೆ ಹೋದರು.

ಮೇಷ್ಟ್ರು ಆ ಕ್ಷಣವೇ ಗುಣಮುಖರಾದರು.

ಕಾಪುವಿನ ಮದುಮಗಳು

ಚಹಾ ಕುಡಿದಾದ ಮೇಲೆ ಮೇಷ್ಟ್ರು, "ನಾಟಕ ಸಾಕು. ನಿಜವಾದ ಮನೆಯೊಂದಕ್ಕೆ ಹೋಗಿ ಬಾ. ಸಂದರ್ಶನದಲ್ಲಿ ಅದನ್ನು ಕೇಳಿಯೇ ಕೇಳ್ತಾರೆ" ಎಂದರು. ನನ್ನ ಪರಿಚಯದ ಆಶಾ ಕಾರ್ಯಕರ್ತೆಯೊಬ್ಬರು ಕಾಪುವಿನಲ್ಲಿದ್ದರು. ಅವರ ಬೆನ್ನು ಹತ್ತಿದೆ. ಒಂದು ಮನೆಯ ಜಗಲಿಯಲ್ಲಿ ನನ್ನನ್ನು ಕೂರಿಸಿ, "ಮಾತಾಡ್ತಾ ಇರು, ಈಗ ಬಂದೆ" ಎಂದು ಪಕ್ಕದ ಮನೆಯ ಬಾಣಂತಿಯನ್ನು ನೋಡಲು ಹೋದರು.

ತುಳುವರ ಆಷಾಢವಾದ ಆಟಿ ತಿಂಗಳು. ಮನೆಯ ಹಿಂದೆಯೇ ಕಡಲು ಮೊರೆಯುತ್ತಿತ್ತು. ನನ್ನ ಪಕ್ಕದ ಮಣೆಯ ಮೇಲೆ ಹೊಸ ಸೀರೆ, ಹಸಿರು ಬಳೆ, ಒಂದು ಚೆಂಡು ಮಲ್ಲಿಗೆ. ಮನೆಯಾಕೆ, "ಮಗಳಿಗೆ ಗಂಡು ಹುಡುಕ್ತಾ ಇದ್ದೇವೆ, ಬಾಯಮ್ಮ" ಎಂದರು. ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಹಾಗೆಯೇ ಕರೆಯುವುದು.

"ವಯಸ್ಸೆಷ್ಟು?"

"ಇಪ್ಪತ್ತನಾಲ್ಕು ಆಯಿತು."

"ಎಷ್ಟು ಓದಿದ್ದಾಳೆ?"

"ಶಾಲೆಗೆ ಹೋಗಲಿಲ್ಲ."

ನನ್ನ ಕಿವಿ ನೆಟ್ಟಗಾಯಿತು. "ಮದುವೆಗೆ ಅವಳ ಒಪ್ಪಿಗೆ ಉಂಟಾ?"

"ಅವಳೇ ಕೇಳಿದ್ದು. ಅವಳದ್ದು ಆಗದೆ ಅಣ್ಣನ ಮದುವೆ ಆಗಲಿಕ್ಕೆ ಬಿಡುವುದಿಲ್ಲ. ಬಂದ ಸಂಬಂಧವೆಲ್ಲ ಮುರಿದುಹೋಯಿತು."

ಓದಿಸದೆ ಮನೆಯಲ್ಲೇ ಕೂಡಿಹಾಕಿದ್ದಾರೆ, ಮನಸ್ಸಿಗೆ ಏನೋ ಆಗಿದೆ ಎಂದು ನಾನು ತೀರ್ಮಾನಿಸಿಯೇ ಬಿಟ್ಟೆ. "ಅವಳಿಗೆ ಆಧಾರ್ ಕಾರ್ಡ್ ಉಂಟಾ?"

"ಅವಳಿಗೆ ಎಂತಕ್ಕೆ?" ಆಕೆಗೆ ಆಶ್ಚರ್ಯ.

ನನಗೆ ಸಿಟ್ಟು ನೆತ್ತಿಗೇರಿತು. "ಅವಳನ್ನು ಈಗಲೇ ಕರೆಯಿರಿ. ನಾನು ಮಾತಾಡಬೇಕು."

ಆಕೆಯ ಮುಖ ಬಿಳಿಚಿತು. ಸ್ವರ ತಗ್ಗಿಸಿ, "ನೀವು ಕರೆದರೆ ಬರ್ತಾಳಾ, ಬಾಯಮ್ಮ? ನಿಮ್ಮಲ್ಲಿ ಮಾತಾಡ್ತಾಳಾ?" ಎಂದು ಕೇಳಿದರು. ಆಮೇಲೆ ನನ್ನ ಪಕ್ಕದ ಮಣೆಯ ಕಡೆ ನೋಡಿ, "ಅಲ್ಲೇ ಕೂತಿದ್ದಾಳೆ" ಎಂದರು.

ನನ್ನ ಎಡಗೈಯ ರೋಮವೆಲ್ಲ ಎದ್ದು ನಿಂತಿತು. ಆ ಕಡೆ ತಿರುಗಲು ಧೈರ್ಯ ಸಾಲಲಿಲ್ಲ.

ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಬಂದು ವಿಷಯ ತಿಳಿಸಿದರು. ಈ ಮನೆಯ ಮಗಳು ತೊಟ್ಟಿಲ ಮಗುವಾಗಿದ್ದಾಗಲೇ ಜ್ವರದಿಂದ ತೀರಿಹೋಗಿದ್ದಳು. ತುಳುನಾಡಿನಲ್ಲಿ ಸತ್ತ ಮಕ್ಕಳೂ ಬೆಳೆಯುತ್ತಾರೆ. ಪ್ರಾಯಕ್ಕೆ ಬಂದರೆ, ಬದುಕಿದ್ದವರ ಮದುವೆ ಇಲ್ಲದ ಆಟಿಯಲ್ಲಿ, ಅವರಿಗೂ ಮದುವೆ ಮಾಡಬೇಕು. ಬೇರೆ ಬರಿಯ, ಅಂದರೆ ಬೇರೆ ಕುಲದ, ಸತ್ತ ಗಂಡೇ ಆಗಬೇಕು. ಮಸ್ಕತ್‌ನಲ್ಲಿ ಇದನ್ನು ನನಗೆ ಯಾರು ಹೇಳಿದ್ದರು?

ಮತ್ತೆ ನಾನು ಒಂದೂ ಪ್ರಶ್ನೆ ಕೇಳಲಿಲ್ಲ. ಆ ತಾಯಿ ಬಳೆಗಳನ್ನು ಸವರುತ್ತಾ ಮಗಳು ಹೇಗೆ ನಗುತ್ತಿದ್ದಳೆಂದು ಹೇಳುತ್ತಾ ಹೋದರು. ನಾನು ಅಳುತ್ತಾ ಕೇಳಿದೆ. ಹೊರಡುವಾಗ ಆಕೆ ಮೆಟ್ಟಿಲವರೆಗೆ ಬಂದರು.

"ಒಳ್ಳೆಯ ಗಂಡಿದ್ದರೆ ಹೇಳಿ, ಬಾಯಮ್ಮ. ಜೀವಂತ ಇರುವುದು ಬೇಡ."

ಗೋಪ್ಯತೆಯ ಪ್ರಶ್ನೆ

ಸಂದರ್ಶನದ ಕೋಣೆಯಲ್ಲಿ ಮೂವರಿದ್ದರು. ನಡುವೆ ಕೂತ ಹಿರಿಯ ಪ್ರೊಫೆಸರರ ಮುಖದಲ್ಲಿ ನಗು ಹುಟ್ಟಿಯೇ ಇರಲಿಲ್ಲ. "ಯಾರದ್ದಾದರೂ ಮಾತನ್ನು ನಿಜವಾಗಿ ಕೇಳಿದ್ದುಂಟಾ?" ಎಂದರು.

ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಕಾಪುವಿನ ತಾಯಿಯ ಕಥೆಯನ್ನೇ ಹೇಳಿದೆ. ಮುಗಿಸಿದಾಗ ಪ್ರೊಫೆಸರರು ಕನ್ನಡಕ ತೆಗೆದು ನನ್ನನ್ನೇ ದಿಟ್ಟಿಸಿದರು.

"ಬರಿ ಯಾವುದು?"

"ಗೊತ್ತಿಲ್ಲ, ಸರ್."

"ಮನೆ ಕಾಪುವಿನಲ್ಲಿ ಎಲ್ಲಿ?"

ಹೇಳಿಬಿಟ್ಟರೆ ಅವರಿಗೆ ಸಂತೋಷವಾಗಬಹುದು, ಸೀಟು ಸಿಗಬಹುದು. ಆದರೆ ಆ ತಾಯಿ ನನ್ನನ್ನು ನಂಬಿ ಮಾತಾಡಿದ್ದರು. ಕಣ್ಣೆದುರು ಮಾಮನ ಕೌಂಟರ್ ಕಾಣುತ್ತಿದ್ದರೂ, "ಅವರನ್ನು ಕೇಳದೆ ಹೇಳಲಾರೆ, ಸರ್. ಅದು ಗೋಪ್ಯ" ಎಂದೆ.

"ನಾನು ಕೇಳಿದರೂ?"

"ನೀವು ಕೇಳಿದರೂ, ಸರ್."

ಪಕ್ಕದ ಇಬ್ಬರು ಒಬ್ಬರನ್ನೊಬ್ಬರು ನೋಡಿ ತಲೆದೂಗಿದರು. "ಎಂಥ ಪರೀಕ್ಷೆ ಮಾಡಿದಿರಿ, ಸರ್!" ಎಂದು ಒಬ್ಬರು ಹೊಗಳಿದರು. ಪ್ರೊಫೆಸರರು ಮಾತ್ರ ನಗಲಿಲ್ಲ.

ಪಟ್ಟಿಯಲ್ಲಿ ನನ್ನ ಹೆಸರು ಬಂತು. ಮಮ್ಮಿ ನಮ್ಮ ಚರ್ಚಿನ ಇಡೀ ವಾರ್ಡಿಗೆ ಕೇಕು ಹಂಚಿದರು. ಅಡ್ಮಿಷನ್ ಮಾಡಿಸಿ ಹೊರಬರುವಾಗ ಅದೇ ಪ್ರೊಫೆಸರರು ಕಾರಿಡಾರಿನ ಮೂಲೆಯಿಂದ ಕೈಸನ್ನೆ ಮಾಡಿದರು. ಅತ್ತಿತ್ತ ನೋಡಿ, ಸ್ವರ ಇಳಿಸಿದರು.

"ಅಂದು ಅದು ಪರೀಕ್ಷೆ ಅಲ್ಲ, ಮಾರಾಯ್ತಿ. ನಮ್ಮ ಅಕ್ಕನ ಮಗನಿಗೆ ಈ ಆಟಿಯೊಳಗೆ ಒಂದು ಹೆಣ್ಣು ಸಿಗದಿದ್ದರೆ ಅಕ್ಕ ಊಟ ಬಿಡ್ತಾಳೆ. ಆ ತಾಯಿಯನ್ನು ಕೇಳಿ ನೋಡು."

"ಹುಡುಗ ಹೇಗೆ, ಸರ್?" ಎಂದು ನನಗರಿವಿಲ್ಲದೆ ಕೇಳಿಬಿಟ್ಟೆ.

"ಚಿನ್ನದಂಥ ಹುಡುಗ. ಹುಟ್ಟಿದ ವಾರದಲ್ಲೇ ಹೋದವನು. ಇವತ್ತಿನವರೆಗೆ ಕುಡಿತ ಇಲ್ಲ, ಬೀಡಿ ಇಲ್ಲ, ಯಾರಿಗೂ ಎದುರು ಮಾತಾಡಿದವನಲ್ಲ."