ಎಂಟೂವರೆಗೇ ಸಂಜೆ

ಭಾಗಮ್ಮನ ಅಜ್ಜ ಬೆಳ್ಳಿಯಪ್ಪ ದೊರೆಗಳ ಕಾಲದಲ್ಲಿ ಬಣಕಲ್ ಕಡೆಯ ಇದೇ ಕಾಫಿ ಎಸ್ಟೇಟಿನಲ್ಲಿ ಗಂಟೆ ಹೊಡೆಯುವ ಆಳು. ಹನ್ನೊಂದು ವರ್ಷ ಸಂಜೆಯ ಗಂಟೆಯನ್ನು ಅರ್ಧ ತಾಸು ಮುಂಚೆಯೇ ಬಾರಿಸಿ ಜನರನ್ನು ಮನೆಗೆ ಕಳಿಸಿದ ಪುಣ್ಯಾತ್ಮ. ದೊರೆ ತನ್ನ ಗಡಿಯಾರವನ್ನೇ ಎರಡು ಸಲ ರಿಪೇರಿಗೆ ಕೊಟ್ಟನಂತೆ. ಅವ್ವ ತಿಮ್ಮಮ್ಮ ಹಣ್ಣು ತೂಗುವ ತಕ್ಕಡಿಯ ಮೇಲೆ ತಾನೇ ಹತ್ತಿ ಕೂತವಳು. "ಆಸ್ಪತ್ರೇಲಿ ಐವತ್ತು ಕಿಲೋ ಇದ್ದೆ, ಇಲ್ಲಿ ನಲವತ್ತೆರಡು. ನನ್ನ ಎಂಟು ಕಿಲೋ ಎಲ್ಲಿ ಹೋಯ್ತು ಅಂತ ಹೇಳೋ ತನಕ ಇಳಿಯಲ್ಲ" ಅಂದವಳು. ಅಂಥವರ ವಂಶದ ಭಾಗಮ್ಮ ಈಗ ಹಲಸಿನ ಮರಕ್ಕೆ ತೂಗುಬಿಟ್ಟ ರೈಲು ಕಂಬಿಯ ಗಂಟೆಯ ಕೆಳಗೆ, ಚಿಕ್ಕಮಗಳೂರಿನಿಂದ ಬಂದ ಹುಡುಗ ಶಶಿಕಿರಣನ ಕೈಯಿಂದ, ಅವನು ಗಂಟೆ ಬಡಿದ ಬೈಕಿನ ಸ್ಪ್ಯಾನರ್ ಕಿತ್ತುಕೊಳ್ಳುತ್ತಿದ್ದಳು.

ಭಾಗಮ್ಮ: ಬಿಡು ಮಾರಾಯ! ಏಳು ದಿನದ ಮುಷ್ಕರ ಒಂದೇ ಏಟಿಗೆ ಮುರಿದ್ಯಲ್ಲ!

ಶಶಿಕಿರಣ್: ಮುರಿದೆನಾ? ನಾನು ಜನರನ್ನ ಸಭೆಗೆ ಕರೆದೆ ಅಮ್ಮ!

ಭಾಗಮ್ಮ: ಬಡಬಡ ಅಂತ ಹೊಡೆದ್ರೆ ಕೆಲಸಕ್ಕೆ ಹೋಗಿ ಅಂತ. ನಿಧಾನಕ್ಕೆ ಐದು ಹೊಡೆದ್ರೆ ಮನೆಗೆ ಬನ್ನಿ ಅಂತ. ಸಭೆಗೆ ಗಂಟೆ ಇಲ್ಲ. ನಾವು ಅಕ್ಕಿ ಆರಿಸ್ತಾನೇ ಸಭೆ ಮಾಡೋದು.

ಮಳೆಗಾಲದಲ್ಲಿ ಆಳುಗಳ ಲೈನ್ ಮನೆಗಳ ಗೋಡೆ ಕುಸಿದು, ಹನ್ನೊಂದು ಸಂಸಾರ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯಲ್ಲಿ ಒಲೆ ಹೂಡಿದ್ದವು. ಗೋಡೆ ಏಳುವವರೆಗೆ ಹಣ್ಣು ಕೀಳುವುದಿಲ್ಲ ಎಂದು ಎಲ್ಲರೂ ಕೂತುಬಿಟ್ಟಿದ್ದರು. ಧಣಿ ಗೋಡೆಗೆ ಒಪ್ಪಿದ ದಿನ ಭಾಗಮ್ಮನೇ ಗಂಟೆ ಹೊಡೆಯಬೇಕು ಎಂದು ಸುತ್ತಿಗೆಯನ್ನು ಅವಳ ಮಡಿಲಿಗೆ ಹಾಕಿದ್ದರು. ಈಗ ಗಂಟೆ ಕೇಳಿದ್ದೇ ತಡ, ಧಣಿ ಒಪ್ಪಿದ ಅಂದುಕೊಂಡು ಅಷ್ಟೂ ಜನ ಕುಕ್ಕೆ ಹೊತ್ತು ಮಂಜಿನೊಳಗೆ ನಡೆದುಬಿಟ್ಟಿದ್ದರು.

ಭಾಗಮ್ಮ: ಅದಿರ್ಲಿ, ನೀನು ಯಾವ ಪಾರ್ಟಿ?

ಶಶಿಕಿರಣ್: ಪಾರ್ಟಿ ಇಲ್ಲ. ನಾನು ಅರಾಜಕತಾವಾದಿ.

ಭಾಗಮ್ಮ: ಅರೆ ರಾಜಕೀಯವಾ? ಪೂರ್ತಿ ರಾಜಕೀಯದವ್ರು ಎಲೆಕ್ಷನ್ನಿಗೆ ಬಂದು ಹೋದ್ರು. ಇನ್ನು ಅರ್ಧದವ್ರು ಬೇರೆ!

ಶಶಿಕಿರಣ್: ಅರೆ ಅಲ್ಲಮ್ಮ, ಅ-ರಾಜಕ! ರಾಜ ಬೇಡ, ಧಣಿ ಬೇಡ, ನಾಯಕನೂ ಬೇಡ. ಯಾರೂ ಯಾರ ಮೇಲೂ ಇಲ್ಲ.

ಭಾಗಮ್ಮ: ಒಳ್ಳೇದೆ. ನಿನ್ನನ್ನ ಇಲ್ಲಿಗೆ ಕಳಿಸಿದ್ದು ಯಾರು?

ಶಶಿಕಿರಣ್: ನಮ್ಮ ನಾಯಕರಿಲ್ಲದ ವೇದಿಕೆಯ ಜಿಲ್ಲಾ ಸಂಚಾಲಕರು.

ಭಾಗಮ್ಮ: ಅವ್ರ ಮೇಲೆ?

ಶಶಿಕಿರಣ್: ರಾಜ್ಯ ಸಂಚಾಲಕರು... ಆದ್ರೆ ಅವ್ರು ಮೇಲೆ ಅಲ್ಲಮ್ಮ, ಪಕ್ಕದಲ್ಲಿ.

ಭಾಗಮ್ಮ: ಪಕ್ಕದಲ್ಲಿ ನಿಂತು ಹೇಳಿದ್ರೂ ನೀನು ಕೇಳ್ತೀಯ ಅಂತಾಯ್ತು.

ಅಷ್ಟರಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ತಮ್ಮಯ್ಯ, ಮಫ್ಲರ್ ಜಾರಿದ್ದೂ ತಿಳಿಯದೆ ಓಡಿ ಬಂದು ಶಶಿಕಿರಣನ ಎರಡೂ ಕೈ ಹಿಡಿದುಕೊಂಡರು.

ತಮ್ಮಯ್ಯ: ದೇವ್ರು ಬಂದಂಗೆ ಬಂದ್ರಿ ಸಾರ್! ಕೆಲಸ ಶುರುವಾಯ್ತು ಅಂತ ಧಣಿಗಳಿಗೆ ಫೋನ್ ಮಾಡಿದೆ. ಮಧ್ಯಾಹ್ನ ಬಂಗಲೇಲಿ ನಿಮಗೆ ಊಟ. ಕೋಳಿ ಹಿಡಿಯೋಕೆ ಹೇಳಿದಾರೆ!

ಶಶಿಕಿರಣ್: ನಾನು ಧಣಿ ಮನೆ ಊಟ ಮಾಡೋನಲ್ಲ!

ತಮ್ಮಯ್ಯ: ಸಸ್ಯಾಹಾರಿನಾ ಸಾರ್? ಮೊದಲೇ ಹೇಳ್ಬಾರ್ದಾ!

ಶಶಿಕಿರಣನ ಮುಖ ಸಣ್ಣದಾಯಿತು. ಭಾಗಮ್ಮ ಅವನನ್ನು ನೋಡಲಿಲ್ಲ. ಮಂಜಿನಾಚೆ ಕುಕ್ಕೆಗೆ ಹಣ್ಣು ಬೀಳುವ ಸದ್ದಿಗೇ ಕಿವಿಗೊಟ್ಟಿದ್ದಳು. ಕುಕ್ಕೆ ತುಂಬಿದರೆ ಧಣಿ ಗೋಡೆಯ ಮಾತು ಮರೆತ ಹಾಗೆಯೇ. ಸಂಜೆಗೆ ಪಲ್ಪರ್ ಮನೆ ಖಾಲಿ ಮಾಡಿ ಅನ್ನುತ್ತಾನೆ. ಅವಳು ಮಡಿಲಿನಿಂದ ಸುತ್ತಿಗೆ ತೆಗೆದಳು. ಅಜ್ಜ ಹೊಡೆಯುತ್ತಿದ್ದ ಹಾಗೆಯೇ, ಒಂದೊಂದಕ್ಕೂ ಉಸಿರು ಬಿಟ್ಟು, ನಿಧಾನಕ್ಕೆ ಐದು ಏಟು ಹಾಕಿದಳು.

ತಮ್ಮಯ್ಯ: ಏಯ್ ಭಾಗಮ್ಮ! ಗಂಟೆ ಇನ್ನೂ ಎಂಟೂವರೆ ಕಣೇ!

ಭಾಗಮ್ಮ: ಹೌದಾ ರೈಟ್ರೇ? ನಿಮ್ಮ ವಾಚು ಯಾವುದಕ್ಕೂ ರಿಪೇರಿಗೆ ಕೊಡಿ.

ಮೊದಲು ಬಂದವಳು ಅವಳ ಸೊಸೆ ಕುಸುಮಾ. ಕುಕ್ಕೆಯ ತಳದಲ್ಲಿ ಹತ್ತು ಹಣ್ಣೂ ಇರಲಿಲ್ಲ.

ಕುಸುಮಾ: ಎಂತ ಅತ್ತೆ, ಇವತ್ತು ಇಷ್ಟು ಬೇಗ ಸಂಜೆ ಆಯ್ತಾ? ಗೋಡೆ?

ಭಾಗಮ್ಮ: ಗೋಡೆ ಬಿದ್ದಲ್ಲೇ ಇದೆ. ಕುಕ್ಕೆ ಇಳಿಸು, ಒಲೆ ಹಚ್ಚು.

ಹಿಂದೆಯೇ ಒಬ್ಬೊಬ್ಬರಾಗಿ ಎಲ್ಲರೂ ಮಂಜಿನಿಂದ ಹೊರಬಿದ್ದರು. ರೈಟರ್ ತಲೆ ಮೇಲೆ ಕೈಹೊತ್ತರು.

ತಮ್ಮಯ್ಯ: ಈಗ ಧಣಿಗಳಿಗೆ ಎಂತ ಅಂತ ಹೇಳ್ಲಿ ನಾನು?

ಭಾಗಮ್ಮ: ಕೆಲಸ ಶುರುವಾಗಿ, ಮುಗಿದೂ ಹೋಯ್ತು ಅನ್ನಿ. ಇನ್ನು ಗೋಡೆ ಏಳೋ ತನಕ ನಮಗೆ ಬೆಳಗಾಗಲ್ಲ.

ತಮ್ಮಯ್ಯ ಫೋನನ್ನು ಕಿವಿಗೆ ಹಿಡಿಯುವುದೋ ಜೇಬಿಗೆ ಹಾಕುವುದೋ ತಿಳಿಯದೆ ಬಂಗಲೆಯ ದಾರಿ ಹಿಡಿದರು. ಶಶಿಕಿರಣ ಮಾತ್ರ ಕಣ್ಣರಳಿಸಿ ನಿಂತಿದ್ದ.

ಶಶಿಕಿರಣ್: ಅಮ್ಮ, ಇಲ್ಲಿ ನೀವೇ ನಾಯಕಿ ಅಲ್ವಾ?

ಭಾಗಮ್ಮ: ಥೂ, ನಾಯಕಿ ಎಂತದ್ದು! ಸುತ್ತಿಗೆ ನನ್ನ ಹತ್ರ ಇದೆ, ಅಷ್ಟೆ. ನಾಳೆ ನಾನು ಸುಮ್ಮನೆ ಹೊಡೆದ್ರೆ ಇವ್ರೇ ಕಿತ್ಕೋತಾರೆ.

ಶಶಿಕಿರಣ್: ಇದೇ ಅಮ್ಮ! ನಾವು ಪುಸ್ತಕದಲ್ಲಿ ಓದಿದ್ದು ಇದೇ! ನನ್ನದು ತಪ್ಪಾಯ್ತು. ನಾಳೆ ಬೆಳಿಗ್ಗೆನೇ ಚಿಕ್ಕಮಗಳೂರಿಂದ ಇಪ್ಪತ್ತು ಜನರನ್ನ ನಿಮ್ಮ ಸಹಾಯಕ್ಕೆ ಕರ್ಕೊಂಡು ಬರ್ತೀನಿ.

ಭಾಗಮ್ಮ ಸುತ್ತಿಗೆಯನ್ನು ಮತ್ತೆ ಮಡಿಲಿಗೆ ಸೇರಿಸಿ ಗಂಟು ಬಿಗಿದಳು. ಸ್ಪ್ಯಾನರನ್ನು ಸೆರಗಿನಲ್ಲಿ ಒರೆಸಿ ಅವನ ಕೈಗಿಟ್ಟಳು.

ಭಾಗಮ್ಮ: ಬೇಡ ಮಾರಾಯ. ಕಾಫಿ ಕುಡಿದು ಹೊರಡು. ಒಬ್ಬ ಬಂದಿದ್ದಕ್ಕೇ ನಮಗೆ ಬೆಳಗಾಗಿ ಹೋಗಿತ್ತು.