ಸುಣ್ಣದ ಬೊಟ್ಟಿಟ್ಟ ಹುಂಜ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ, ಇದನ್ನು ನಾನು ಸರಿಯಾಗಿ ಹೇಳಲಾರೆ. ಇಷ್ಟು ವರ್ಷಗಳಲ್ಲಿ ನಾನು ಬರೆದದ್ದು ಅಂದರೆ ಪಂಚಾಯತಕ್ಕೆ ಎರಡು ಅರ್ಜಿ, ಎರಡೂ ಒಂದೇ ವಿಷಯಕ್ಕೆ. ನಗಿಸುವಂಥದ್ದನ್ನು ಬರೆಯುವುದು ಹೇಗೆಂದು ಗೊತ್ತಿಲ್ಲ. ಊರಿನ ವಾಚನಾಲಯದವರು ಮನೆಯಲ್ಲಿ ನಡೆದದ್ದನ್ನೇ ಬರೆದುಕೊಡಿ, ಸಾಕು ಎಂದರು. ನಡೆಯುವುದಕ್ಕೇನು, ನಮ್ಮಲ್ಲಿ ವರ್ಷವರ್ಷವೂ ನಡೆಯುತ್ತಲೇ ಇರುತ್ತದೆ. ಮೊಮ್ಮಕ್ಕಳು ಬಂದು ಎರಡು ದಿನವಾಗುವಷ್ಟರಲ್ಲಿ ಏನಾದರೊಂದು ಆಗುತ್ತದೆ, ಎಲ್ಲರೂ ನಗುತ್ತಾರೆ, ಆಮೇಲೆ ನೋಡಿದರೆ ತಪ್ಪು ನನ್ನದಾಗಿರುತ್ತದೆ. ಈ ವರ್ಷದ್ದು ಇನ್ನೂ ಮುಗಿದಿಲ್ಲ.

ನಾವಿರುವುದು ಶೆಟಗೇರಿಯಲ್ಲಿ. ಭತ್ತ ಕೊಯ್ದ ಗದ್ದೆಯಲ್ಲಿ ಈಗ ಶೇಂಗಾ, ಅದರ ಬದಿಗೆ ಸೌತೆ, ಹೀರೆ, ಹರಿವೆ. ಮಗಳನ್ನು ಕದ್ರಾಕ್ಕೆ ಕೊಟ್ಟಿದ್ದೇವೆ. ಕೊಟ್ಟಿದ್ದೇವೆ ಅಂದರೆ ಮದುವೆ ಮಾಡಿಕೊಟ್ಟಿದ್ದೇವೆ. ಅವಳಿಗೆ ಇಬ್ಬರು ಮಕ್ಕಳು, ಎಂಟು ವರ್ಷದ ಹುಡುಗಿ, ಐದು ವರ್ಷದ ಹುಡುಗ. ಶಾಲೆ ಮುಗಿದ ಮಾರನೇ ದಿನವೇ ಮೂವರೂ ಬಂದರು. ಅಳಿಯನಿಗೆ ರಜೆ ಇಲ್ಲ, ಅವನು ಭಾನುವಾರ ಬರುವುದೆಂದಾಗಿತ್ತು.

ಬೀಜದ ಸೌತೆಕಾಯಿ

ಸೌತೆಬಳ್ಳಿಯಲ್ಲಿ ಚೆನ್ನಾಗಿ ಬಂದ ನಾಲ್ಕಾರು ಕಾಯಿಗಳನ್ನು ಕೊಯ್ಯದೆ ಬೀಜಕ್ಕೆ ಬಿಡುತ್ತೇವೆ. ಕವಳದ ಡಬ್ಬಿಯಿಂದ ಸುಣ್ಣ ತೆಗೆದು ಅವುಗಳಿಗೆ ಒಂದೊಂದು ಬೊಟ್ಟು ಇಡುತ್ತೇವೆ. ಕವಳ ಅಂದರೆ ಎಲೆಅಡಿಕೆ. ಬೊಟ್ಟು ಯಾಕೆಂದರೆ, ಬೆಳಿಗ್ಗೆ ಕೊಯ್ಯಲು ಹೋದವರು, ಅಂದರೆ ನನ್ನ ಹೆಂಡತಿ, ಒಳ್ಳೆಯದನ್ನೇ ನೋಡಿ ಮೊದಲು ಕೊಯ್ಯುತ್ತಾಳೆ.

ಮೊಮ್ಮಗಳು ಹಿಂದೆಯೇ ಬಂದಿದ್ದಳು. ಇದೆಂತಕ್ಕೆ ಎಂದು ಕೇಳಿದಳು. ಕೇಳುವವರು ಸಿಕ್ಕಿದರೆ ನನಗೆ ಸ್ವಲ್ಪ ದೊಡ್ಡದಾಗಿಯೇ ಹೇಳುವ ಅಭ್ಯಾಸ.

"ಬೊಟ್ಟು ಇಟ್ಟದ್ದನ್ನ ಯಾರೂ ಮುಟ್ಟೂಕಿಲ್ಲ, ಮಗಾ. ಅಜ್ಜಿ ಮುಟ್ಟೂಕಿಲ್ಲ, ನಾನೂ ಮುಟ್ಟೂಕಿಲ್ಲ. ಅದು ಮುಂದಿನ ವರ್ಷದ್ದು."

ನಾನೂ ಎಂಬ ಆ ಒಂದು ಶಬ್ದ ಬೇಕಾಗಿರಲಿಲ್ಲ. ಈಗ ಹಾಗನ್ನಿಸುತ್ತದೆ.

ಮೊಮ್ಮಗ, ತಿಂದರೆ ಏನಾಗ್ತದೆ ಎಂದು ಕೇಳಿದ. ಹೊಟ್ಟೆಯಲ್ಲಿ ಬಳ್ಳಿ ಹುಟ್ಟುತ್ತದೆ ಎಂದೆ. ಅವನು ಊಟಕ್ಕೆ ಕೂತಾಗ ನೀರು ಬೇಡ ಎಂದ, ಸಂಜೆಯೂ ಬೇಡ ಎಂದ. ಬಿಸಿಲಲ್ಲಿ ಕುಣಿದ ಮಗು ನೀರೇ ಕುಡಿಯುವುದಿಲ್ಲವೆಂದು ಮಗಳಿಗೆ ಗಾಬರಿಯಾಯಿತು. ಕೊನೆಗೆ ತಾಯಿಯ ಕಿವಿಯಲ್ಲಿ ಹೇಳಿದನಂತೆ, ಒಂದು ಬೀಜದ ಕಾಯಿಯನ್ನು ಆಗಲೇ ಅರ್ಧ ಕಚ್ಚಿಯಾಗಿದೆ, ನೀರು ಬಿದ್ದರೆ ಬಳ್ಳಿ ಮೇಲೆ ಬರುತ್ತದೆ.

ತಲೆಗೂ ಒಂದು

ಮಾರನೇ ದಿನ ಮನೆಯಲ್ಲೆಲ್ಲ ಬೊಟ್ಟು. ಹಪ್ಪಳದ ಡಬ್ಬಿಗೆ ಬೊಟ್ಟು, ಹುಲ್ಲಿನಲ್ಲಿ ಹಣ್ಣಿಗೆ ಹಾಕಿದ ಮಾವಿನಕಾಯಿಗೆ ಬೊಟ್ಟು, ಟಿವಿ ರಿಮೋಟಿಗೆ ಬೊಟ್ಟು. ತಮ್ಮನಿಗೆ ಕೊಡಲು ಮನಸ್ಸಿಲ್ಲದ್ದಕ್ಕೆಲ್ಲ ಮೊಮ್ಮಗಳು ಇಟ್ಟುಬಿಟ್ಟಿದ್ದಳು. ಅವನೂ ಪಾಪ ಬೊಟ್ಟು ಕಂಡರೆ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದ.

ನಾನು ಮಧ್ಯಾಹ್ನ ಜಗಲಿಯಲ್ಲಿ ಸ್ವಲ್ಪ ಮಲಗಿ ಎದ್ದು, ಪಂಪಿನ ವಾಷರ್ ತರಲು ಬಾಳೆಗುಳಿಗೆ ಹೋದೆ. ಬಸ್ಸಿನಲ್ಲಿ ಹಿಂದಿನವರು ನಗುತ್ತಿದ್ದರು. ನಾನು ಅವರದ್ದೇ ಏನೋ ಮಾತು ಇರಬೇಕೆಂದುಕೊಂಡೆ. ಚಾದಂಗಡಿಯವನು ಗ್ಲಾಸು ಇಡುತ್ತ, ದೃಷ್ಟಿ ತಾಗಬಾರದೆಂದು ಬೊಟ್ಟು ಇಟ್ಟದ್ದಾ ಮಾರಾಯ್ರೆ, ಈ ತಲೆಗೆ ಯಾರು ದೃಷ್ಟಿ ಹಾಕೂದು ಎಂದ. ನನ್ನ ತಲೆಯಲ್ಲಿ ಕೂದಲಿಲ್ಲ, ಇದನ್ನು ಮೊದಲೇ ಹೇಳಬೇಕಿತ್ತು. ನಡುನೆತ್ತಿಯ ಮೇಲೆ ಎಂಟಾಣೆಯಷ್ಟು ದೊಡ್ಡ ಬೊಟ್ಟು ಒಣಗಿ ಕೂತಿತ್ತು.

ಮನೆಗೆ ಬಂದು ಕೇಳಿದೆ. ಮೊಮ್ಮಗಳು ಹೆದರಲಿಲ್ಲ. "ಮುಂದಿನ ವರ್ಷಕ್ಕೂ ನೀನು ಬೇಕಲ್ಲ ಅಜ್ಜಾ" ಎಂದಳು.

ನನ್ನ ಹೆಂಡತಿ ಒಳಗಿನಿಂದ, ಬೀಜಕ್ಕೆ ಒಳ್ಳೇದು ನೋಡಿ ಬಿಡೂದು ಮಗಾ, ಸಿಕ್ಕಿದ್ದನ್ನಲ್ಲ ಎಂದಳು.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆಗಲೇ ಒಂದು ವಿಷಯ ನನಗೆ ತಿಳಿಯಬೇಕಿತ್ತು. ನಾನು ಬಾಯಿಗೆ ಬಂದಂತೆ ಹೇಳಿದ ನಿಯಮವನ್ನು ಈ ಹುಡುಗಿ ನಿಜವೆಂದು ಹಿಡಿದುಕೊಂಡಿದ್ದಾಳೆ.

ಭಾನುವಾರದ ವಡೆ

ನಮ್ಮ ಕಡೆ ಅಳಿಯ ಬಂದರೆ ಊರ ಕೋಳಿಯ ಸಾರು, ವಡೆ. ಮಾಡದಿದ್ದರೆ ಅಳಿಯ ಏನೂ ಅನ್ನುವುದಿಲ್ಲ, ಆದರೆ ಉಳಿದವರೆಲ್ಲ ಅನ್ನುತ್ತಾರೆ. ಅಂಗಳದಲ್ಲಿ ಕೆಂಪು ಹುಂಜ ಒಂದಿತ್ತು. ಅದನ್ನು ಅಳಿಯನಿಗೆಂದೇ ಸಾಕಿದ್ದು. ಮಕ್ಕಳು ಬಂದ ದಿನದಿಂದ ಅದು ಮೊಮ್ಮಗಳ ಕೈಯಿಂದಲೇ ಅಕ್ಕಿ ತಿನ್ನುತ್ತಿತ್ತು, ಅವಳು ಹೋದಲ್ಲಿ ಹಿಂದೆ ಹೋಗುತ್ತಿತ್ತು.

ಶನಿವಾರ ಸಂಜೆ ನಾನು ಪಂಪು ಬಿಚ್ಚಿ ಕೂತಿದ್ದೆ. ಅವಳು ಬಂದು, "ಅಜ್ಜಾ, ಹುಂಜಕ್ಕೆ ಬೊಟ್ಟು ಇಟ್ಟೆ" ಎಂದಳು. ನಾನು ತಲೆ ಎತ್ತದೆ ಆಯ್ತು ಎಂದೆ. ವಾಷರ್ ಸರಿಯಾಗಿ ಕೂರುತ್ತಿರಲಿಲ್ಲ. ಆಯ್ತು ಅಂದದ್ದು ವಾಷರಿಗೋ ಅವಳಿಗೋ ನನಗೇ ಗೊತ್ತಿಲ್ಲ, ಆದರೆ ಅವಳು ಅದನ್ನು ಕೇಳಿಸಿಕೊಂಡು ಹೋದಳು.

ಬೆಳಿಗ್ಗೆ ಮಕ್ಕಳನ್ನು ಹೆಂಡತಿಯೊಟ್ಟಿಗೆ ಶೇಂಗಾ ಗದ್ದೆಗೆ ಕಳಿಸಿದೆ. ರಾತ್ರಿ ಕವುಚಿಟ್ಟಿದ್ದ ಬುಟ್ಟಿ ಎತ್ತಿ ಹುಂಜವನ್ನು ಹಿಡಿದೆ. ರೆಕ್ಕೆಯ ಮೇಲೆ ಬೊಟ್ಟು ಇತ್ತು. ಚೆನ್ನಾಗಿ, ಗುಂಡಗೆ ಇಟ್ಟಿದ್ದಳು. ನಾನು ಹೆಗಲ ಟವೆಲಿನ ತುದಿಯಿಂದ ಅದನ್ನು ಒರೆಸಿದೆ. ಯಾಕೆ ಒರೆಸಿದೆನೋ. ಕೊಯ್ಯುವುದಕ್ಕೆ ಒರೆಸಬೇಕೆಂದೇನೂ ಇಲ್ಲ. ಒರೆಸಿದ ಮೇಲೆ ಕೊಯ್ದೆ.

ಅಳಿಯ ಬಂದ, ಉಂಡ, ಮಾವ, ಇಂಥ ಸಾರು ತಿನ್ನದೆ ವರ್ಷ ಆಯ್ತು ಎಂದ. ಮೊಮ್ಮಗಳು ಮಾತ್ರ ಬರೀ ವಡೆ ತಿಂದು ಎದ್ದು, ಹುಂಜ ಎಲ್ಲಿ ಎಂದು ಕೇಳಿದಳು. ಮೇಯಲು ಗುಡ್ಡದ ಬದಿಗೆ ಹೋಗಿರಬೇಕು ಎಂದೆ. ಅವಳು ಹುಡುಕಲು ಅಂಗಳಕ್ಕಿಳಿದಳು. ತಮ್ಮನೂ ಅಕ್ಕನ ಹಿಂದೆ ಹೋಗಿ ಬಾ, ಬಾ, ಬಾ ಎಂದು ಕರೆಯತೊಡಗಿದ. ಅವನ ಕೈಯಲ್ಲಿ ಹುಂಜದ ಕಾಲು ಇತ್ತು. ಎರಡು ಸಲ ಕರೆಯುವುದು, ಒಂದು ಸಲ ಕಚ್ಚುವುದು. ಅಳಿಯ ನಗು ತಡೆಯಲಾರದೆ ಕೈ ತೊಳೆಯಲು ಎದ್ದ.

ಮೊಮ್ಮಗಳು ತಿರುಗಿ ಬಂದು ನನ್ನ ಹೆಗಲನ್ನೇ ನೋಡಿದಳು.

"ಟವೆಲಿಗೆ ಸುಣ್ಣ ಹೇಗೆ ಬಂತು ಅಜ್ಜಾ?"

"ಕವಳ ಹಾಕಿದೆ ಮಗಾ."

"ಸುಣ್ಣ ಇಲ್ಲ ಅಜ್ಜಾ. ನಿನ್ನೆ ಹುಂಜಕ್ಕೆ ಇಟ್ಟಾಗ ಡಬ್ಬಿ ಖಾಲಿ ಆಯ್ತು."

ಮತ್ತೆ ಯಾರೂ ನಗಲಿಲ್ಲ. ನಗುವ ಪ್ರಸಂಗಗಳಲ್ಲಿ ಇದನ್ನು ಸೇರಿಸಬಹುದೋ ಇಲ್ಲವೋ, ವಾಚನಾಲಯದವರೇ ನೋಡಿಕೊಳ್ಳಬೇಕು.

ಲೆಕ್ಕಕ್ಕಿಲ್ಲ

ಅಂದಿನಿಂದ ಅವಳು ನನ್ನೊಡನೆ ಮಾತು ಬಿಟ್ಟಿದ್ದಾಳೆ. ಹೇಳಲೇಬೇಕಾದದ್ದನ್ನು ತಮ್ಮನ ಮೂಲಕ ಹೇಳಿಸುತ್ತಾಳೆ, ನಾನು ಎದುರಿಗೇ ಕೂತಿದ್ದರೂ. ಅವನು ತನ್ನದೂ ಸೇರಿಸುತ್ತಾನೆ. "ಅಕ್ಕ ಹೇಳ್ತಾಳೆ, ಅಜ್ಜಿ ಸ್ನಾನಕ್ಕೆ ಕರೀತಾಳೆ ಅಂತೆ. ಮತ್ತೆ ನಂಗೆ ಹಪ್ಪಳ ಕೊಡಬೇಕಂತೆ."

ಮೂರನೇ ದಿನ ನಾನು ಅಂಕೋಲೆಗೆ ಹೋಗಿ ಇನ್ನೊಂದು ಹುಂಜ ತಂದೆ, ಅದೂ ಕೆಂಪು. ಸುಣ್ಣವನ್ನೂ ತಂದೆ. ನಾನೇ ರೆಕ್ಕೆಗೆ ಬೊಟ್ಟು ಇಟ್ಟು ಅವಳ ಮುಂದೆ ಬಿಟ್ಟೆ. ಅವಳು ಹುಂಜವನ್ನು ನೋಡಿದಳು, ನನ್ನನ್ನು ನೋಡಲಿಲ್ಲ.

"ಬೊಟ್ಟು ಯಾರು ಇಟ್ಟದ್ದು ಕೇಳು" ಎಂದು ತಮ್ಮನಿಗೆ ಹೇಳಿದಳು.

ಅವನು ಕೇಳಿದ. ನಾನೇ ಎಂದೆ.

"ಹಾಗಾದ್ರೆ ಅದು ಲೆಕ್ಕಕ್ಕಿಲ್ಲ ಅಂತ ಹೇಳು."

ಅಲ್ಲಿಗೆ ಮುಗಿಯಿತೆಂದುಕೊಂಡೆ. ನಿನ್ನೆ ಬೆಳಿಗ್ಗೆ ಅಡುಗೆಮನೆಯಿಂದ ಹೆಂಡತಿ ಕೂಗಿದಳು. ಹೋಗಿ ನೋಡಿದರೆ ಅಕ್ಕ ತಮ್ಮ ಇಬ್ಬರೂ ಸೇರಿ ಗದ್ದೆಯಿಂದ ಒಂದು ಬುಟ್ಟಿ ಹೊತ್ತು ತಂದಿದ್ದಾರೆ. ಬುಟ್ಟಿಯಲ್ಲಿ ನನ್ನ ಬೀಜದ ಸೌತೆಕಾಯಿಗಳು. ಒಂದನ್ನೂ ಬಿಟ್ಟಿರಲಿಲ್ಲ, ತಮ್ಮ ಕಚ್ಚಿದ್ದೂ ಇತ್ತು. ಬೀಜ ಇನ್ನೂ ಬಲಿತಿರಲಿಲ್ಲ. ಇದೆಂತ ಮಾಡಿದ್ರಿ ಎಂದು ಮಗಳು ಬೈಯಲು ಬಂದಳು. ಮೊಮ್ಮಗಳು ಸಮಾಧಾನದಿಂದ, ಇವಕ್ಕೆ ಬೊಟ್ಟು ಇಟ್ಟದ್ದೂ ಅಜ್ಜನೇ ಅಲ್ಲವಾ ಎಂದಳು.

ಹೆಂಡತಿ ಗೋಡೆ ಹಿಡಿದುಕೊಂಡು ನಕ್ಕಳು. ಇಷ್ಟು ವರ್ಷ ಆ ಕಾಯಿಗಳನ್ನು ಮುಟ್ಟಬಾರದೆಂದು ನಾನು ಅವಳಿಗೆ ಎಷ್ಟು ಸಲ ಹೇಳಿದ್ದೆನೋ, ಅಷ್ಟೂ ನಗು ಒಟ್ಟಿಗೆ ಬಂತು. ಮಧ್ಯಾಹ್ನ ಅವುಗಳದ್ದೇ ಹುಳಿ. ನಾನು ಎರಡು ಸಲ ಹಾಕಿಸಿಕೊಂಡು ಉಂಡೆ. ಮುಂದಿನ ವರ್ಷದ ಬೀಜಕ್ಕೆ ಆಚೆ ಮನೆಯವರನ್ನು ಕೇಳಬೇಕು. ಯಾಕೆ ನಿಮ್ಮದೇನಾಯಿತು ಎಂದು ಅವರು ಕೇಳುತ್ತಾರೆ, ನಾನು ಇಷ್ಟನ್ನೂ ಮೊದಲಿನಿಂದ ಹೇಳಬೇಕು.

ನಾಳೆ ಮಗಳು, ಮಕ್ಕಳು ಕದ್ರಾಕ್ಕೆ ಹೋಗುತ್ತಾರೆ. ಮಾತು ಬಿಟ್ಟು ಹೀಗೇ ಹೋದರೆ ಮಳೆಗಾಲ ಕಳೆಯುವವರೆಗೂ ಹೀಗೇ. ಮೊಮ್ಮಗಳಿಗೆ ಒಂದು ಮಾತು ಹೇಳಬೇಕೆಂದಿದ್ದೇನೆ, ಎದುರಿಗೆ ನಿಂತರೆ ಬರುವುದಿಲ್ಲ, ಅದಕ್ಕೆ ಇಲ್ಲಿ ಬರೆದು ನೋಡುತ್ತೇನೆ. ಹುಂಜವನ್ನು ಕೊಯ್ದದ್ದಕ್ಕೆ ಕಾರಣ ಹೇಳಬಹುದು, ಅಳಿಯ ಬಂದಿದ್ದ, ಪದ್ಧತಿ ಇದೆ. ಒರೆಸಿದ್ದಕ್ಕೆ ಕಾರಣ ಇಲ್ಲ. ಆ ಬೊಟ್ಟಿಗೆ ಬೆಲೆ ಇದೆಯೆಂದು ನನಗೆ ಗೊತ್ತಿತ್ತು, ಗೊತ್ತಿದ್ದದ್ದಕ್ಕೇ ಒರೆಸಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏನೆಂದರೆ

"ಅಜ್ಜಾ, ಉಂಬೂಕೆ ಬಾ. ಗಂಜಿ ತಣೀತದೆ."

ಇದು ಹೊರಗಿನಿಂದ ಯಾರೋ ಕರೆದದ್ದು. ಯಾರೋ ಅಂದರೆ, ತಮ್ಮನಲ್ಲ. ತಮ್ಮನ ದನಿ ಇದಕ್ಕಿಂತ ಸಣ್ಣದು, ಮತ್ತು ಅವನಾಗಿದ್ದರೆ ಮೊದಲು ಅಕ್ಕ ಹೇಳ್ತಾಳೆ ಎನ್ನುತ್ತಿದ್ದ. ಇದರಲ್ಲಿ ಅದು ಇರಲಿಲ್ಲ. ಇದನ್ನು ಯಾಕೆ ಇಷ್ಟು ವಿವರಿಸುತ್ತಿದ್ದೇನೆ ಎಂದರೆ, ಐದು ದಿನಗಳಿಂದ... ಇರಲಿ, ಗಂಜಿ ತಣಿಯುತ್ತದೆ.